ಮೂರು ವಯರು, ದೊಡ್ಡಮ್ಮನ ಕಣ್ಣು

ಓಡೈಪಟ್ಟಿಯ ತೋಟದಲ್ಲಿ ಮೊನ್ನೆ ದ್ರಾಕ್ಷಿ ಬಳ್ಳಿಯನ್ನು ಚಪ್ಪರಕ್ಕೆ ಬಿಗಿದಿದ್ದ ವಯರು ಕಂಡು ಕೈಮುಗಿಯಬೇಕೆನಿಸಿತು. ಒಂದಕ್ಕೊಂದು ಅಂಟಿದ ಮೂರು ಎಳೆ. ತುದಿಗಳಲ್ಲಿ ಹಸಿರು, ನೀಲಿ, ಕೆಂಪು. ನಗಬೇಡಿ. ನಮ್ಮ ಮನೆತನದ ಮರ್ಯಾದೆ ಒಮ್ಮೆ ಅದರೊಳಗೆ ಹರಿದಿತ್ತು.

ಬಹಳ ವರ್ಷಗಳ ಹಿಂದೆ ದೊಡ್ಡಮ್ಮನ ಮಗ ರಂಗಸಾಮಿ ಹೋಂ ಥಿಯೇಟರ್ ತಂದಿದ್ದ. ಸದ್ದಿಗೆ ಐದು ಪೆಟ್ಟಿಗೆ, ಗೋಡೆಯ ಹಲ್ಲಿಗಳು ವಲಸೆ ಹೋಗುವಷ್ಟು. ಚಿತ್ರಕ್ಕೆ, ನಮ್ಮ ಮಾತಲ್ಲಿ ಪಡಕ್ಕೆ, ಮಾತ್ರ ಡಬ್ಬದಲ್ಲೇ ಬಂದ ಒಂದು ಹಳದಿ ವಯರು. ತನ್ನ ತಂಗಿಯ ಮದುವೆಯ ಡಿವಿಡಿ ಹಾಕಿ ನೆಂಟರನ್ನೆಲ್ಲ ಕೂರಿಸಿದ. ಮದುಮಗಳ ಸೀರೆ ನೋಡಿ ದೊಡ್ಡಮ್ಮ ಒಬ್ಬಳೇ ಮುಖ ಸಿಂಡರಿಸಿದಳು.

"ಸೀಲೆಯ ಕೆಂಪು ಬಣ್ಣ ಅಂಚು ದಾಟಿ ಹರೀತದೆ ಡಾ."

"ಪಡ ಸರಿಯಾಗೇ ಅದೆ ಅಮ್ಮಾ. ನಿನ್ನ ಕಣ್ಣು ಹೋಯ್ತು."

ಆ ಮಾತು ಟೀವಿಯ ಹತ್ತಿರ ನಿಲ್ಲಲಿಲ್ಲ. ದ್ರಾಕ್ಷಿ ಕೊಯ್ಲಿಗೆ ದಿನ ಹೇಳುವವಳು ದೊಡ್ಡಮ್ಮ. ತೊಟ್ಟಿನ ಬುಡದ ಕೊನೆಯ ಕೆಂಪೂ ಕಪ್ಪಿಗೆ ತಿರುಗಿತೇ ಎಂದು ನೋಡಿ ತೀರ್ಪು ಕೊಡುವುದು ಅವಳ ಪಟ್ಟ. "ಈ ಸಲ ಕಾಯಿ ನಾನೇ ನೋಡ್ಕೊತೀನಿ" ಎಂದುಬಿಟ್ಟ ರಂಗಸಾಮಿ. ಅವಳು ಎದ್ದು ಒಳಗೆ ಹೋದಳು. ಜಗಳಕ್ಕೆ ನಿಲ್ಲದ ದೊಡ್ಡಮ್ಮನನ್ನು ನಾನು ನೋಡಿದ್ದು ಅದೇ ಮೊದಲು.

ನನಗೆ ವಯರಿನ ಮೇಲೆ ಗುಮಾನಿ. ಉತ್ತಮಪಾಳಯದ ಟೌನ್ ಬಸ್ಸು ಹತ್ತಿದ್ದೀರಾ? ಭತ್ತದ ಮೂಟೆ, ಬಾಳೆಗೊನೆ, ಮದುವೆಗೆ ಹೊರಟ ಬಿಳಿ ಅಂಗಿ, ಎಲ್ಲಕ್ಕೂ ಒಂದೇ ಬಾಗಿಲು; ಇಳಿಯುವಾಗ ಒಬ್ಬರ ಬಣ್ಣ ಇನ್ನೊಬ್ಬರ ಮೈಮೇಲೆ. ಹಳದಿ ವಯರೂ ಹಾಗೆಯೇ, ಬೆಳಕನ್ನೂ ಬಣ್ಣವನ್ನೂ ಒಟ್ಟಿಗೆ ತುರುಕಿ ತರುತ್ತದೆ. ತೇನಿಗೆ ಹೋಗಿ, ಬೆಳಕಿಗೊಂದು ಬಣ್ಣಕ್ಕೆರಡು ದಾರಿಯಿರುವ ಮೂರೆಳೆಯದನ್ನು ತಂದೆ.

ಮೊದಲು ಹಸಿರು ಚುಚ್ಚಿದೆ. ಬರೀ ಬೆಳಕು ಬಂತು; ಪಡ ಕಪ್ಪು-ಬಿಳುಪಾಯಿತು.

"ಇದ್ದ ಬಣ್ಣವೂ ಹೋಯ್ತಲ್ಲಪ್ಪಾ!" ರಂಗಸಾಮಿ ತಲೆ ಚಚ್ಚಿಕೊಂಡ.

ನೀಲಿ ಚುಚ್ಚಿದೆ. ಕೆಂಪು ಚುಚ್ಚಿದೆ.

ಏನು ಹೇಳಲಿ! ಕೆಂಪು ಅಂಚಿನವರೆಗೆ ಬಂದು, ಪಕ್ಕದವನ ಬದು ಕಂಡ ಮರ್ಯಾದಸ್ಥನಂತೆ ನಿಂತುಬಿಟ್ಟಿತು. ಜರಿಯ ಎಳೆ ಬೇರೆ, ಮಲ್ಲಿಗೆಯ ಮೊಗ್ಗು ಬೇರೆ, ಮದುಮಗಳ ರೆಪ್ಪೆಯ ಮೇಲಿನ ಹನಿ ಬೇರೆ. ನಾವೆಲ್ಲ ಉಂಡೆದ್ದು ಬಂದ ಮದುವೆಯನ್ನು ಆಗ ಮೊದಲ ಸಲ ನೋಡಿದೆವು. ಅವಳು ಅತ್ತಿದ್ದಳೆಂದು ಯಾರಿಗೆ ಗೊತ್ತಿತ್ತು?

ಬಾಗಿಲಲ್ಲಿ ದೊಡ್ಡಮ್ಮ ನಿಂತಿದ್ದಳು. "ಈಗ ಯಾರಿಗೆ ಕಣ್ಣು ಬಂತು ಡಾ?"

ರಂಗಸಾಮಿ ಪಡವನ್ನೇ ನೋಡುತ್ತ, "ಬೆಳಿಗ್ಗೆ ತೋಟಕ್ಕೆ ಬಾ ಅಮ್ಮಾ" ಎಂದ.

ಈಗಿನ ಟೀವಿಗೆ ಒಂದೇ ತಂತಿ ಸಾಕಂತೆ. ಮೂರೆಳೆಯದಕ್ಕೆ ನಿವೃತ್ತಿಯ ಮೇಲೆ ಬಳ್ಳಿ ಕಾಯುವ ಸೇವೆ. ಅದರಡಿ ಮೊನ್ನೆ ದೊಡ್ಡಮ್ಮ ಗೊಂಚಲೊಂದನ್ನು ಬೆಳಕಿಗೆ ಎತ್ತಿ ಹಿಡಿದಳು. ನನಗೆ ಅದು ಪೂರ್ತಿ ಕಪ್ಪಾಗಿಯೇ ಕಂಡಿತು.

"ಇನ್ನೂ ಕೆಂಪು ಅದೆ" ಎಂದಳು.

ತಲೆ ನರೆತ ರಂಗಸಾಮಿ ತೆರೆದ ಕತ್ತರಿ ಮುಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡ. ನಾನು ಕನ್ನಡಕ ತೆಗೆದು ಒರೆಸತೊಡಗಿದೆ.