ಅಳಿಸಿದ ಏಳು

ಮಳವಳ್ಳಿಯಲ್ಲಿ ಒಂಟಿ ರೂಮು, ಮಂಡ್ಯದಲ್ಲಿ ಕೆಲಸ. ನಡುವೆ ಬಸ್ಸಿನಲ್ಲಿ ನನಗೆ ಜೊತೆ ಅಂತಿದ್ದರೆ ಪೇಪರಿನ ಸುಡೊಕು. ಅದನ್ನು ಬಿಡಿಸುವ ಪಟ್ಟುಗಳಿಗೆ ಎಕ್ಸ್-ವಿಂಗ್, ಸ್ವೋರ್ಡ್‌ಫಿಶ್ ಅಂತೆಲ್ಲ ಹೆಸರಿವೆ. ಎಲ್ಲವೂ ನನಗೆ ಗೊತ್ತು, ಹೇಳಿಕೊಳ್ಳೋಕೆ ಮಾತ್ರ ಯಾರೂ ಇಲ್ಲ.

ಹಾಗಾಗಿ ಮೊನ್ನೆ ಸಂಜೆ ಪಕ್ಕದ ಸೀಟಿನ ಅಜ್ಜಿ "ಅದೇನ್ ಮಗಾ, ಬರ್ದು ಬರ್ದು ಅಳಿಸ್ತೀಯಲ್ಲ?" ಅಂದದ್ದೇ ತಡ, ಶುರು ಮಾಡಿಬಿಟ್ಟೆ.

"ನೋಡಿ ಅಜ್ಜಿ, ಅಡ್ಡಸಾಲಿಗೆ ಒಂದೇ ಏಳು, ಉದ್ದಸಾಲಿಗೂ ಒಂದೇ. ಈ ಎರಡು ಅಡ್ಡಸಾಲಲ್ಲೂ ಏಳು ಕೂರೋಕೆ ಇರೋದು ಇವೆರಡೇ ಉದ್ದಸಾಲು. ಇಲ್ಲಿ ಎಡಕ್ಕೆ ಕೂತ್ರೆ ಅಲ್ಲಿ ಬಲಕ್ಕೆ, ಇಲ್ಲಾ ಅದಲುಬದಲು. ಹೇಗಾದ್ರೂ ಈ ಉದ್ದಸಾಲುಗಳಲ್ಲಿ ಬೇರೆ ಏಳಕ್ಕೆ ಜಾಗ ಇಲ್ಲ. ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ರೆ ಅಳಿಸಿಬಿಡೋದು. ಇದಕ್ಕೆ ಎಕ್ಸ್-ವಿಂಗ್ ಅಂತಾರೆ."

ಅಜ್ಜಿ ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದೂಡಿದರು.

"ಇದಾ? ಕೊಟ್ಟು ತರಾದು ಕಣ್ ಮಗಾ. ಎಲ್ಡು ಮನೆಯೋರು ಇವ್ರ ಎಣ್ಣ ಅವ್ರು, ಅವ್ರ ಎಣ್ಣ ಇವ್ರು ತಂದ್ಕಂಡ್ರೆ ಮುಗೀತು. ಇನ್ನೊಬ್ಬ ಎಣ್ಣು ಕೇಳ್ಕಂಡು ಓಗಂಗಿಲ್ಲ."

ನನಗೆ ಖುಷಿಯೋ ಖುಷಿ. ಕೊನೆಗೂ ಒಬ್ಬರಿಗೆ ಅರ್ಥವಾಯಿತಲ್ಲ!

"ನಿಂಗೆ ಮದ್ವೆ ಆಗೈತಾ?" ಅಂದರು.

"ಇಲ್ಲ ಅಜ್ಜಿ."

ಅವರು ನನ್ನ ಮುಖ ನೋಡಿದರು, ಪೇಪರಿನ ಮೇಲೆ ಉಜ್ಜಿದ ಗುರುತು ನೋಡಿದರು. "ಅಂಗಾರೆ ನೀನು ಈ ಅಳ್ಸಾಕಿರೋ ಏಳು ಬುಡು" ಅಂದವರೇ, ಮಳವಳ್ಳಿ ಬಂತೆಂದು ಚೀಲ ಎತ್ತಿಕೊಂಡು ಕಿರುಗಾವಲು ಬಸ್ಸಿನ ಕಡೆ ಹೊರಟುಹೋದರು.

ಈಗಲೂ ದಿನಾ ಬರೆಯುತ್ತೇನೆ, ಅಳಿಸುತ್ತೇನೆ. ಏಳು ಬಂದಾಗ ಮಾತ್ರ ರಬ್ಬರನ್ನು ಸ್ವಲ್ಪ ಮೆತ್ತಗೆ ಉಜ್ಜುತ್ತೇನೆ.