ಲಟ್ಟಣಿಗೆ ಅಳತೆಯ ಕೀಬೋರ್ಡು

ನನಗೀಗ ಐವತ್ತೆರಡು. ಎರಡು ವರ್ಷಗಳಿಂದ ದಿನಾ ಸಂಜೆ ನಾಲ್ಕರಿಂದ ಐದರವರೆಗೆ ನಾನು ಜನರನ್ನು ಗುಂಡಿಕ್ಕಿ ಕೊಲ್ಲುತ್ತಿದ್ದೇನೆ. ಗಾಬರಿ ಬೇಡ, ಕಂಪ್ಯೂಟರ್ ಆಟದಲ್ಲಿ. ಮಗಳು ಪುಣೆಯ ಹಾಸ್ಟೆಲಿಗೆ ಹೋಗುವಾಗ ಬಿಟ್ಟುಹೋದ ಕಂಪ್ಯೂಟರಿನ ಜೊತೆ ಈ ಚಾಳಿಯೂ ನನ್ನ ಪಾಲಿಗೆ ಬಂತು. ನನ್ನ ತಂಡದಲ್ಲಿ ಮುಖ ನೋಡದ ನಾಲ್ವರು ಕಾಲೇಜು ಹುಡುಗರಿದ್ದಾರೆ. ನಾನು ಮೈಕ್ ಹಾಕುವುದಿಲ್ಲವಾದ್ದರಿಂದ ಅವರು ನನ್ನನ್ನು ಗಂಡಸೆಂದೇ ನಂಬಿ ಭಾಯ್ ಎನ್ನುತ್ತಾರೆ. ಮುಲುಂಡಿನ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ, ನೈಟಿ ತೊಟ್ಟು, ಕುಕ್ಕರಿನ ಸೀಟಿ ಎಣಿಸುತ್ತ ಕುಳಿತ ಭಾಯ್ ನಾನು.

ಉಳಿದ ಹೊತ್ತು ಮರ್ಯಾದಸ್ಥಳೇ. ಮುಂಬಯಿಯ ಕನ್ನಡಿಗರು ಕೈಯಲ್ಲಿ ಬರೆದದ್ದನ್ನು ಟೈಪ್ ಮಾಡಿಕೊಡುವುದು ನನ್ನ ಉದ್ಯೋಗ. ಹೆಚ್ಚಿನವು ಹೊಟೇಲು ನಡೆಸಿ ದಣಿದ ಹಿರಿಯರ ಆತ್ಮಕಥೆಗಳು. ಎಲ್ಲರೂ ಹರಕು ಚಡ್ಡಿಯಲ್ಲಿ ಮುಂಬಯಿಗೆ ಬಂದಿಳಿಯುತ್ತಾರೆ, ಎಲ್ಲರೂ ಮೂರನೆಯ ಅಧ್ಯಾಯದಲ್ಲಿ ಲೋಟ ತೊಳೆಯುತ್ತಾರೆ, ಹತ್ತನೆಯದರಲ್ಲಿ ಯಾವುದಾದರೊಂದು ಸಂಘದ ಅಧ್ಯಕ್ಷರಾಗುತ್ತಾರೆ. ಒಮ್ಮೆ ಇಬ್ಬರ ಹಾಳೆಗಳು ಬೆರೆತುಹೋಗಿದ್ದವು. ಯಾರಿಗೂ ಗೊತ್ತಾಗಲಿಲ್ಲ, ಬರೆದವರಿಗೂ.

ಗಂಡ ಬೆಳಿಗ್ಗೆ ಲೋಕಲ್ ರೈಲು ಹಿಡಿದು ಫೋರ್ಟಿಗೆ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ನಾನು ಮತ್ತು ಮಾವ ಇಬ್ಬರೇ. ಮಾವ ಉಡುಪಿ ಕಡೆಯಿಂದ ಬಂದು ಆಂಟಾಪ್ ಹಿಲ್‌ನ ಹೊಟೇಲೊಂದರ ಗಲ್ಲಾದಲ್ಲಿ ನಲವತ್ತು ವರ್ಷ ಕುಳಿತವರು. ಈಗ ಕಣ್ಣು ಪೂರ್ತಿ ಮಂಜು. ಸೊಂಟದ ಆಪರೇಷನ್ ಆದ ಮೇಲೆ ಒಬ್ಬರೇ ಏಳುವಂತಿಲ್ಲ. ಕೈ ತಗುಲಿ ಚೆಲ್ಲುವುದರಿಂದ ಪಕ್ಕದಲ್ಲಿ ನೀರಿಡುವಂತೆಯೂ ಇಲ್ಲ. ಹಿಂದೆ ಗಲ್ಲಾದ ಮೇಲಿದ್ದ ಸ್ಟೀಲಿನ ಬೆಲ್ಲನ್ನು ಮಂಚದ ಪಕ್ಕ ಇಟ್ಟುಕೊಂಡಿದ್ದಾರೆ, ಅಂಗೈಯಿಂದ ತಟ್ಟಿದರೆ ಟಿಂಗ್. ವೇಟರುಗಳ ಕಾಲ ಮುಗಿದ ಮೇಲೆ ಅದಕ್ಕೆ ಓಡಿಬರುವವಳು ನಾನು. ನೀರಿಗೆ ಟಿಂಗ್, ದಿಂಬಿಗೆ ಟಿಂಗ್, ಕಿಟಕಿ ಮುಚ್ಚುವುದಕ್ಕೆ ಟಿಂಗ್. ನಾಲ್ಕರಿಂದ ಐದರವರೆಗೆ ಮಾತ್ರ ಬೆಲ್ಲು ಸುಮ್ಮನಿರುತ್ತಿತ್ತು. ಅದು ಮಾವನಿಗೆ ಜೊಂಪು ಹತ್ತುವ ಹೊತ್ತು ಎಂದು ನಾನೇ ತೀರ್ಮಾನಿಸಿಕೊಂಡು ಬಂದೂಕು ಹಿಡಿಯುತ್ತಿದ್ದೆ.

ಒಂದು ದಿನ ಐದು ಗಂಟೆಯ ಚಹಾ ಕೊಡುವಾಗ ಅವರೆಂದರು, “ಇವತ್ತು ನಾಲ್ಕು ಗಂಟೆಗೆ ಭಾರೀ ಜೋರಿತ್ತಲ್ಲ ಮಾರಾಯ್ತಿ?”

ಗಲ್ಲಾದಲ್ಲಿ ತಲೆಯೆತ್ತದೆ ಕುಳಿತು, ತಟ್ಟೆ ಲೋಟಗಳ ಸದ್ದಿನಲ್ಲೇ ಯಾವ ಟೇಬಲಿನಲ್ಲಿ ಏನು ನಡೆದಿದೆ ಎಂದು ಹೇಳುತ್ತಿದ್ದ ಕಿವಿ ಅದು. ಟೈಪ್ ಮಾಡುವಾಗ ನನ್ನ ಹಳೆಯ ಕೀಬೋರ್ಡು ಒಂದೇ ಸಮನೆ ಟುಕುಟುಕು ಎನ್ನುತ್ತಿತ್ತು. ಆಟದಲ್ಲಿ ಮೈಮೇಲೆ ಬಂದಂತೆ ಬಡಿದುಕೊಳ್ಳುತ್ತಿತ್ತು. ಮುದುಕರು ಕಳ್ಳತನ ಪತ್ತೆ ಹಚ್ಚಿದರು ಎಂದುಕೊಂಡೆ. ಯಾರೇ ನೆಂಟರು ಬರಲಿ, “ನಮ್ಮ ಸೊಸೆ ಮನೆಯಲ್ಲೇ ಆಫೀಸು ನಡೆಸ್ತಾಳೆ” ಎಂದು ಹೇಳಿಕೊಳ್ಳುವವರು ಅವರೊಬ್ಬರೇ. ನನ್ನ ಗಂಡನೇ ನನ್ನ ಕೆಲಸವನ್ನು ಟೈಮ್‌ಪಾಸ್ ಎನ್ನುವಾಗ, ಮಾವನ ಆ ಒಂದು ಮಾತು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ. ಆಟ ಬಿಡಲೂ ತಯಾರಿರಲಿಲ್ಲ. ಸದ್ದು ಮಾಡದ ಕೀಬೋರ್ಡು ಕೊಳ್ಳುವುದೆಂದು ನಿಶ್ಚಯಿಸಿದೆ.

ಅದು ಚಿಕ್ಕದೂ ಆಗಿರಬೇಕಿತ್ತು. ನನ್ನ ಆಫೀಸು ಎಂದರೆ ಗೋಡೆಗೆ ಮಡಚುವ ಊಟದ ಮೇಜು. ಅದರ ಒಂದು ತುದಿಯಲ್ಲಿ ಮಾವನ ಮಾತ್ರೆ ಡಬ್ಬಿ, ಇನ್ನೊಂದರಲ್ಲಿ ಸೋಸಬೇಕಾದ ಕೊತ್ತಂಬರಿ ಕಟ್ಟು. ನಡುವೆ ಆ ಉದ್ದನೆಯ ಕೀಬೋರ್ಡು ಇಟ್ಟರೆ ಮೌಸಿಗೆ ಜಾಗವಿಲ್ಲ. ಶತ್ರುವಿನತ್ತ ತಿರುಗುವಾಗ ಕೈ ಕೊತ್ತಂಬರಿಗೆ ಬಡಿದು ನಾನು ಎಷ್ಟೋ ಸಲ ಸತ್ತಿದ್ದೇನೆ.

ಒಂದು ವಾರ ವಿಡಿಯೋ ನೋಡಿದೆ. ಕೀಬೋರ್ಡು ಪರೀಕ್ಷಿಸುವುದನ್ನೇ ಕಸುಬು ಮಾಡಿಕೊಂಡ ಗಡ್ಡದವರು ಕಣ್ಣು ಮುಚ್ಚಿ ಒಂದೊಂದೇ ಕೀಲಿ ಒತ್ತಿ, ಸಂಗೀತ ಕಛೇರಿಯ ಮೊದಲ ಸಾಲಿನವರ ಹಾಗೆ ತಲೆದೂಗುತ್ತಾರೆ. ಮೆಕ್ಯಾನಿಕಲ್ ಎಂದರೆ ಪ್ರತಿ ಕೀಲಿಯ ಕೆಳಗೂ ಸ್ಪ್ರಿಂಗಿನ ಒಂದೊಂದು ಸ್ವಿಚ್ಚು. ನೀಲಿ ಸ್ವಿಚ್ಚು ಟಕ್ಕೆನ್ನುತ್ತದೆ, ಟೈಪ್ ಮಾಡುವವರಿಗೆ ಅದೆಂದರೆ ಪ್ರಾಣ. ಕೆಂಪು ನುಣ್ಣಗೆ ಇಳಿಯುತ್ತದೆ, ಆಟದವರಿಗೆ ಅದು. ಕಂದು ಬಣ್ಣದ್ದು ಇಬ್ಬರನ್ನೂ ಮೆಚ್ಚಿಸಲು ಹೋಗಿ ಇಬ್ಬರಿಂದಲೂ ಬೈಸಿಕೊಳ್ಳುತ್ತದೆ, ಕೂಡು ಕುಟುಂಬದ ನಡುವಣ ಸೊಸೆಯ ಹಾಗೆ. ಕೆಂಪಿನಲ್ಲೇ ರಬ್ಬರ್ ಇಟ್ಟು ಬಾಯಿ ಮುಚ್ಚಿಸಿದ ಇನ್ನೊಂದು ಬಗೆಯಿದೆ. ಮನೆಯ ಮಾನ ಉಳಿಸುವ ಸ್ವಿಚ್ಚು ಇದೇ ಎಂದು ನನಗೆ ಖಾತ್ರಿಯಾಯಿತು.

ಲ್ಯಾಮಿಂಗ್ಟನ್ ರೋಡಿನ ಕಂಪ್ಯೂಟರ್ ಅಂಗಡಿಗೆ ಅಳತೆಗೆಂದು ಲಟ್ಟಣಿಗೆ ಒಯ್ದೆ. ಅದೇ ಮೇಜಿನ ಅದೇ ಜಾಗದಲ್ಲಿ ದಿನವೂ ಚಪಾತಿ ಲಟ್ಟಿಸುವವಳು ನಾನು, ಲಟ್ಟಣಿಗೆ ಹಿಡಿಸಿದ ಕಡೆ ಕೀಬೋರ್ಡೂ ಹಿಡಿಸುತ್ತದೆ ಎಂಬುದು ನನ್ನ ಲೆಕ್ಕ.

“ಆಂಟೀ, ಬೇಟೇ ಕೇ ಲಿಯೇ?” ಎಂದು ಅಂಗಡಿಯವನು ಕೇಳಿದ.

ಮಗನಿಗಲ್ಲ, ನನಗೇ ಎಂದೆ.

“ಟೈಪಿಂಗ್?”

“ಗೇಮಿಂಗ್ ಭೀ,” ಎನ್ನುತ್ತ ಚೀಲದಿಂದ ಲಟ್ಟಣಿಗೆ ತೆಗೆದೆ. ಆತ ಎರಡು ಹೆಜ್ಜೆ ಹಿಂದೆ ಸರಿದ. ವಿಷಯ ತಿಳಿದ ಮೇಲೆ ಐದು ಕೀಬೋರ್ಡುಗಳನ್ನು ತಂದು ಲಟ್ಟಣಿಗೆಯ ಪಕ್ಕ ಸಾಲಾಗಿ ಮಲಗಿಸಿದ. ತೀರಾ ಚಿಕ್ಕದರಲ್ಲಿ ಬಾಣದ ಕೀಲಿಗಳೇ ಇರಲಿಲ್ಲ. ಹಿರಿಯರ ಆತ್ಮಕಥೆಯಲ್ಲಿ ಹಿಂದೆ ಮುಂದೆ ಓಡಾಡಿ ತಿದ್ದುವುದು ಬಹಳವಿರುವುದರಿಂದ ಅದು ನನಗಾಗದು. ಬಲಗಡೆಯ ಅಂಕೆಗಳ ಗುಂಪನ್ನು ಕತ್ತರಿಸಿ ಬಾಣಗಳನ್ನು ಮಾತ್ರ ಉಳಿಸಿದ ಒಂದು, ಲಟ್ಟಣಿಗೆಗೆ ಸರಿಸಮವಾಗಿ ನಿಂತಿತು. ಅದರ ಸ್ವಿಚ್ಚುಗಳನ್ನು ಕಿತ್ತು ಬೇರೆ ಹಾಕಬಹುದು ಎಂದು ಹೇಳಿ, ಒಂದು ಇಕ್ಕಳವನ್ನೂ ಒಂದು ಪೊಟ್ಟಣ ನೀಲಿ ಸ್ವಿಚ್ಚನ್ನೂ ಜೊತೆಗೆ ಕಟ್ಟಿಕೊಟ್ಟ. ಇದು ನನಗೆ ಯಾಕೆ ಬೇಕು ಎಂದು ಆಗ ಮನಸ್ಸಿನಲ್ಲೇ ನಕ್ಕಿದ್ದೆ.

ಹೊಸ ಕೀಬೋರ್ಡು ಬಾಯಿ ಬಿಡಲಿಲ್ಲ. ಮೊದಲ ದಿನವೇ ಹದಿನಾಲ್ಕು ಜನರನ್ನು ಕೊಂದೆ, ಕೊತ್ತಂಬರಿ ಅಲುಗಲಿಲ್ಲ. ಆದರೆ ಮಾವನ ಬೆಲ್ಲು ಹೆಚ್ಚಾಯಿತು, ನಾಲ್ಕು ಗಂಟೆಗೂ ಬಿಡಲಿಲ್ಲ.

ಟಿಂಗ್. “ಇದ್ದೀಯಾ?”

“ಇದ್ದೇನೆ ಮಾವ.”

ಟಿಂಗ್. “ಎಂತ ಮಾಡ್ತಿದ್ದಿ?”

“ಕೆಲಸ ಮಾವ.”

“ಹೌದಾ,” ಎಂದು ಗೋಡೆಯತ್ತ ಮುಖ ತಿರುಗಿಸುತ್ತಿದ್ದರು. ಮೂರನೆಯ ದಿನ ಊಟಕ್ಕೆ ಎರಡು ಚಪಾತಿಯ ಬದಲು ಒಂದೇ ಸಾಕೆಂದರು. ವಯಸ್ಸಾಯಿತು, ಹಸಿವು ಕಡಿಮೆಯಾಗಿದೆ ಎಂದುಕೊಂಡೆ.

ಆ ವಾರದ ಕೊನೆಗೆ ಮಾವನ ತಂಗಿಯ ಮಗ ಫೋನ್ ಮಾಡಿದರು. ಅವರಿಗೆ ಮಾಟುಂಗಾದಲ್ಲಿ ಹೊಟೇಲಿದೆ.

“ಅತ್ತಿಗೆ, ನೀವು ಸೋಮವಾರದಿಂದ ಬನ್ನಿ. ಗಲ್ಲಾದಲ್ಲಿ ಕೂತ್ಕೊಂಡ್ರೆ ಸಾಕು.”

“ಯಾಕೆ? ಎಂತ ವಿಷಯ?”

“ನಿಮ್ಮ ಆಫೀಸು ಬಂದ್ ಆಯ್ತಂತಲ್ಲ. ಮಾವ ಫೋನ್ ಮಾಡಿದ್ರು. ಅವಳಿಗೆ ಹೇಳ್ಬೇಡ, ಬೇಜಾರು ಮಾಡ್ಕೊಳ್ತಾಳೆ, ನೀನಾಗಿ ಕರೆದ ಹಾಗೆ ಮಾಡು ಅಂದಿದ್ರು. ಛೆ, ನಾನು ಹೇಳಿಯೇ ಬಿಟ್ಟೆ ನೋಡಿ.”

ಫೋನಿಟ್ಟು ಮಾವನ ಮಂಚದ ಅಂಚಿನಲ್ಲಿ ಕುಳಿತೆ. “ನನ್ನ ಕೆಲಸ ಎಲ್ಲಿಗೂ ಹೋಗ್ಲಿಲ್ಲ ಮಾವ. ಕೀಬೋರ್ಡು ಹೊಸತು, ಸದ್ದು ಮಾಡುದಿಲ್ಲ, ಅಷ್ಟೆ.”

“ಹಾಗಾ? ಒಂದು ವಾರದಿಂದ ಗಿರಾಕಿಯೇ ಇಲ್ಲ ಅಂದ್ಕೊಂಡೆ ಮಾರಾಯ್ತಿ. ಇಡೀ ದಿನ ಟುಕುಟುಕು ಅಂತಿರ್ತಿತ್ತಲ್ಲ, ಅದು ಬಿಡು, ಮಂದ ವ್ಯಾಪಾರ. ನಾಲ್ಕು ಗಂಟೆಗೆ ರಶ್ ಬೀಳ್ತಿತ್ತು ನೋಡು, ಅದೂ ನಿಂತಿತು. ರಶ್ ಇಲ್ಲದೆ ಎಷ್ಟು ದಿನ ನಡೆದೀತು?”

ನನಗೆ ನಗು ತಡೆಯಲಾಗಲಿಲ್ಲ. ಹಿರಿಯರ ಆತ್ಮಕಥೆಗಳೆಲ್ಲ ಮಂದ ವ್ಯಾಪಾರ, ನನ್ನ ಗುಂಡಿನ ಕಾಳಗವೇ ಅಸಲು ಕಸುಬು! ಬಾಯಿ ಮುಚ್ಚಿಕೊಂಡಿದ್ದರೆ ಮಾನ ಉಳಿಯುತ್ತಿತ್ತು. ಆದರೆ ನನಗಾಗಿ ಒಂದು ಚಪಾತಿ ಬಿಟ್ಟವರ ಎದುರು ಸುಳ್ಳು ಮುಂದುವರಿಸುವುದು ನನ್ನಿಂದಾಗಲಿಲ್ಲ.

“ನಾಲ್ಕು ಗಂಟೆಯದ್ದು ಕೆಲಸ ಅಲ್ಲ ಮಾವ. ಆಟ. ಕಂಪ್ಯೂಟರಿನಲ್ಲಿ ಗುಂಡು ಹೊಡೆಯುವ ಆಟ.”

ಅವರ ಬೆರಳುಗಳು ಬೆಲ್ಲನ್ನು ತಡವಿದವು.

“ಹಾಗಾದ್ರೆ ನೀರು ಕೇಳ್ಬಹುದಿತ್ತು,” ಎಂದರು.

“ಯಾವಾಗ ಮಾವ?”

“ಆಟದ ಹೊತ್ತಿಗೆ. ಮೂರೂವರೆಯ ಮಾತ್ರೆ ತಗೊಂಡ ಮೇಲೆ ಗಂಟಲು ಒಣಗ್ತದೆ. ರಶ್ ಟೈಮಲ್ಲಿ ಬೆಲ್ ಹೊಡೆದ್ರೆ ಕೆಲಸದವರ ಕೈ ತಪ್ತದೆ. ಐದಕ್ಕೆ ಹೇಗೂ ಚಹಾ ಬರ್ತದಲ್ಲ ಅಂತ ಸುಮ್ಮನಿರ್ತಿದ್ದೆ.”

ಎರಡು ವರ್ಷ ಅದನ್ನು ನಾನು ಜೊಂಪು ಎಂದುಕೊಂಡಿದ್ದೆ. ನಾಚಿಕೆಯಿಂದ ನನಗೆ ಅವರ ಮುಖ ನೋಡಲಾಗಲಿಲ್ಲ, ಅವರಿಗೆ ಕಣ್ಣು ಕಾಣಿಸದಿದ್ದರೂ. ಎದ್ದುಹೋಗಿ ನೀರು ತಂದೆ. ಪೂರ್ತಿ ಲೋಟ ಕುಡಿದರು.

ಮರುದಿನ ಆ ಬಾಯಿ ಮುಚ್ಚಿದ ಸ್ವಿಚ್ಚುಗಳನ್ನೆಲ್ಲ ಇಕ್ಕಳದಿಂದ ಒಂದೊಂದಾಗಿ ಕಿತ್ತು ನೀಲಿಯವನ್ನು ಕೂರಿಸಿದೆ. ಈಗ ನನ್ನ ಲಟ್ಟಣಿಗೆ ಅಳತೆಯ ಕೀಬೋರ್ಡು ಹಳೆಯದಕ್ಕಿಂತ ಜೋರಾಗಿ ಬಡಿದುಕೊಳ್ಳುತ್ತದೆ. ಪಕ್ಕದ ಫ್ಲ್ಯಾಟಿನವರು ಮಿಕ್ಸರ್ ಕೆಟ್ಟಿದೆಯೇ ಎಂದು ವಿಚಾರಿಸಿಕೊಂಡು ಹೋದರು. ಮಾವ ಮತ್ತೆ ಎರಡು ಚಪಾತಿ ತಿನ್ನುತ್ತಾರೆ. ನಾಲ್ಕೂಕಾಲಿಗೆ ಸರಿಯಾಗಿ, ಶತ್ರು ಮೆಟ್ಟಿಲು ಹತ್ತಿ ಬರುವಾಗಲೇ, ಟಿಂಗ್. ಒಂದೇ ಕಿವಿಗೆ ಹಾಕಿದ ಹೆಡ್‌ಫೋನು ಕಿತ್ತಿಟ್ಟು ಓಡುತ್ತೇನೆ. ಅದರೊಳಗಿಂದ ನಾಲ್ವರು ಹುಡುಗರು “ಭಾಯ್, ಕಿಧರ್ ಗಯಾ?” ಎಂದು ಮೇಜಿನ ಮೇಲೆಯೇ ಕಿರಿಚಿಕೊಳ್ಳುತ್ತಿರುತ್ತಾರೆ. ಭಾಯ್ ನೀರಿನ ಲೋಟ ಹಿಡಿದು ಮಂಚದ ಪಕ್ಕ ನಿಂತಿರುತ್ತಾಳೆ.

ಮಾವ ಎರಡೇ ಗುಟುಕು ಕುಡಿದು ಲೋಟವನ್ನು ನನ್ನ ಕೈಗೆ ಒತ್ತುತ್ತಾರೆ. “ಸಾಕು, ನೀನು ಹೋಗು. ರಶ್ ಉಂಟು.”