ಇನ್ನೊಂದು ಬಿಸಿಲು ಬೇಕು

ಜೀಪು ಕೈಕೊಡಬಹುದಿತ್ತು. ದೀಪ ಹಚ್ಚುವಾಗ ಬತ್ತಿ ಹತ್ತದೆ, ಹಿಂದಿನಿಂದ ಯಾರೋ ‘ಫ್ಯಾನ್ ಆಫ್ ಮಾಡ್ರೀ’ ಎಂದು ಕೂಗಬಹುದಿತ್ತು. ಫ್ಯಾನ್ ಬದಲು ಲೈಟು ಆಫ್ ಆಗಬಹುದಿತ್ತು. ಕಲಾವಿದೆಯ ಹೆಸರು ಮರೆತುಹೋಗಬಹುದಿತ್ತು (ಹಾಗಾಗದಿರಲೆಂದು ಅಂಗೈಯಲ್ಲಿ ಬರೆದುಕೊಂಡಿದ್ದೆ. ಅಂಗೈ ಬೆವರಬಹುದಿತ್ತು). ಭಾಷಣದ ನಡುವೆ ನನ್ನ ಮೊಬೈಲು ಹಾಡಬಹುದಿತ್ತು. ತೋಟದಲ್ಲಿ ಸಿಗ್ನಲ್ ಇಲ್ಲ, ಪೇಟೆಗೆ ಬಂದಾಗಲೇ ಅದಕ್ಕೆ ಜೀವ ಬರುವುದು. ಒಣಗದ ಪೇಂಟಿಂಗಿಗೆ ಒರಗಿ, ಬಿಳಿ ಶರ್ಟಿನ ಬೆನ್ನ ಮೇಲೆ ಅರ್ಧ ಚಿತ್ರ ಹೊತ್ತು ಮನೆಗೆ ಬರಬಹುದಿತ್ತು. ಅಮೂರ್ತ ಚಿತ್ರವೊಂದರ ಮುಂದೆ ನಿಂತು ‘ಚಿರತೆ ಚೆನ್ನಾಗಿ ಬಂದಿದೆ’ ಎನ್ನಬಹುದಿತ್ತು.

ಇವನ್ನೆಲ್ಲ ವಾರವಿಡೀ ಯೋಚಿಸಿ ಯೋಚಿಸಿ ಹೈರಾಣಾಗಿದ್ದೆ.

‘ಹೋಗ್ತಿರೋದು ಎಕ್ಸಿಬಿಷನ್‌ಗೆ ರೀ, ಆಪರೇಷನ್‌ಗಲ್ಲ’ ಎಂದಳು ಹೆಂಡತಿ. ಹೊರಡುವಾಗ ಇನ್ನೊಂದು ಮಾತು ಸೇರಿಸಿದಳು. ‘ಅಲ್ಲಿ ಏನನ್ನೂ ಮುಟ್ಟಬೇಡಿ, ಅಷ್ಟೆ.’

ವಸ್ತಾರೆ ಕಡೆಯ ಕಾಫಿ ತೋಟದವನಿಗೆ ಕಲಾ ಪ್ರದರ್ಶನ ಉದ್ಘಾಟಿಸುವ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಈ ಅಂಕಣ ಶುರುವಾದ ಮೇಲೆ ಚಿಕ್ಕಮಗಳೂರಿನಲ್ಲಿ ಯಾರು ಗೋಡೆಗೆ ಮೊಳೆ ಹೊಡೆದರೂ ನನಗೊಂದು ಇನ್ವಿಟೇಷನ್ ಬರುತ್ತದೆ. ನಮ್ಮ ಪೇಟೆಗೀಗ ಪ್ರದರ್ಶನಗಳ ಸುಗ್ಗಿ. ಹೋಂಸ್ಟೇ ವರಾಂಡದಲ್ಲಿ ಜಲವರ್ಣ, ಹೋಟೆಲ್ ಲಾಬಿಯಲ್ಲಿ ತೈಲವರ್ಣ, ಕಲ್ಯಾಣ ಮಂಟಪದ ಊಟದ ಹಾಲ್‌ನಲ್ಲಿ ಫೋಟೋಗ್ರಫಿ. ಎಲ್ಲ ಕಡೆಗೂ ಹೋಗಿ ಹೋಗಿ ನಾನೊಂದು ಪದ್ಧತಿ ಕಲಿತಿದ್ದೇನೆ. ಕೈ ಬೆನ್ನ ಹಿಂದೆ. ತಲೆ ಸ್ವಲ್ಪ ಎಡಕ್ಕೆ. ಒಂದು ಹೆಜ್ಜೆ ಹಿಂದಕ್ಕೆ. ಆಮೇಲೆ ನಿಧಾನವಾಗಿ, ‘ಡೆಪ್ತ್ ಇದೆ.’ ಅಷ್ಟು ಹೊತ್ತಿಗೆ ಯಾರಾದರೂ ಬೋಂಡಾ ತಂದಿರುತ್ತಾರೆ.

ಈ ಸಲದ್ದು ಹಾಗಲ್ಲ. ಕಲಾವಿದೆ ವನಮಾಲ ಬಾಳೂರು ಕಡೆಯ ಹುಡುಗಿ, ಪೇಟೆಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ಅವಳ ಮೊದಲ ಪ್ರದರ್ಶನ. ಮನೆಯ ಲ್ಯಾಂಡ್‌ಲೈನಿಗೆ ಫೋನ್ ಮಾಡಿ ಕರೆದಾಗಲೇ ಹೇಳಿದ್ದಳು.

‘ಅಮ್ಮನ್ನ ಕರ್ಕೊಂಡು ಬರ್ತಿದೀನಿ ಸರ್. ನಾನು ಮಾಡೋದೆಲ್ಲ ಅವಳಿಗೆ ಮಕ್ಕಳಾಟ. ಮನೆ ಕಾಫಿ ತಗೊಂಡೋಗಿ ನೆಲಕ್ಕೆ ಸುರೀತೀಯ ಅಂತ ಸಿಟ್ಟು ಬೇರೆ. ನೀವು ಅವಳೆದುರಿಗೆ ಒಂದು ಒಳ್ಳೆ ಮಾತಾಡಿ ಸರ್, ಸಾಕು. ಭಾಷಣ ಎಲ್ಲ ಬೇಡ.’

ಒಂದು ಒಳ್ಳೆಯ ಮಾತು. ನಾನು ನಾಲ್ಕು ತಯಾರಿಸಿಕೊಂಡು ಹೋದೆ. ಒಂದು ಮರೆತರೆ ಇನ್ನೊಂದಿರಲಿ ಎಂದು.

ಜೀಪು ಸ್ಟಾರ್ಟ್ ಆಯಿತು. ಬತ್ತಿ ಮೊದಲ ಕಡ್ಡಿಗೇ ಹತ್ತಿಕೊಂಡಿತು. ಹೆಸರು ನೆನಪಿತ್ತು. ಎಲ್ಲವೂ ಇಷ್ಟು ಸುಸೂತ್ರವಾಗಿ ನಡೆದರೆ ನನ್ನಂಥವನಿಗೆ ಇನ್ನೂ ಭಯ.

ಹಾಲ್‌ನ ನಡುವೆ, ನೆಲದ ಮೇಲೆ, ಒಂದು ಮುಖವಿತ್ತು. ಎರಡು ಚಾಪೆ ಸೇರಿಸಿದಷ್ಟು ದೊಡ್ಡದು. ಪೂರಾ ಕಾಫಿಯಲ್ಲೇ ಮಾಡಿದ್ದು. ಹಣೆಗೆ, ಕೆನ್ನೆಗೆ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಬೆಳ್ಳನೆಯ ಕಾಳು. ಕೂದಲಿಗೆ, ಹುಬ್ಬಿಗೆ, ಕಣ್ಣುಗುಡ್ಡೆಗೆ ಸಿಪ್ಪೆಸಮೇತ ಹಣ್ಣಾಗಿಯೇ ಒಣಗಿ ಕಪ್ಪಾದ ಚೆರಿ. ಕಣ್ಣಿನ ಆ ಕಪ್ಪಿನ ನಡುವೆ ಒಂದೇ ಒಂದು ಬಿಳಿ ಕಾಳು. ಆ ಒಂದು ಕಾಳಿನಿಂದಾಗಿ ಕಣ್ಣು ನಮ್ಮನ್ನು ನೋಡುತ್ತಿತ್ತು.

ಕೈ ಬೆನ್ನ ಹಿಂದೆ ಕಟ್ಟಿಕೊಂಡು ಸುಮ್ಮನೆ ನಿಂತೆ. ಡೆಪ್ತ್ ಗಿಪ್ತ್ ಏನೂ ನೆನಪಾಗಲಿಲ್ಲ. ನಿಜಕ್ಕೂ ಚೆನ್ನಾಗಿತ್ತು ಸ್ವಾಮಿ.

ಗೋಡೆಯ ಪಕ್ಕದ ಕುರ್ಚಿಯಲ್ಲಿ ಅದೇ ಮುಖ ಕೂತಿತ್ತು. ವನಮಾಲಳ ತಾಯಿ ಸಾವಿತ್ರಮ್ಮ. ಮದುವೆಗೆ ಉಡುವ ಸೀರೆಯುಟ್ಟು, ಕುರ್ಚಿಯ ತುದಿಯಲ್ಲಿ, ಯಾರಾದರೂ ಏಳಿ ಎಂದರೆ ಏಳಲು ತಯಾರಾಗಿ ಕೂತಿದ್ದರು. ಬಂದವರು ನೆಲ ನೋಡಿ, ಕುರ್ಚಿ ನೋಡಿ, ‘ಓ, ಇವ್ರೇ ಅಲ್ವಾ’ ಎನ್ನುತ್ತಿದ್ದರು. ಹಾಗೆಂದಾಗಲೆಲ್ಲ ಅವರು ಸೆರಗು ಸರಿಮಾಡಿಕೊಂಡು ಕುರ್ಚಿಯಲ್ಲಿ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಸರಿಯುತ್ತಿದ್ದರು. ನನ್ನ ಮಾತಿನ ಸರದಿ ಬರುವ ಹೊತ್ತಿಗೆ ಬೆನ್ನು ಕುರ್ಚಿಗೆ ಒರಗಿತ್ತು.

ಇಲ್ಲಿ ನಮ್ಮ ಜನರ ಚಾಳಿಯೊಂದನ್ನು ಹೇಳಬೇಕು. ನಮ್ಮ ಕಡೆ ಯಾರ ಕಣಕ್ಕೆ ಹೋದರೂ ಒಣಹಾಕಿದ ಕಾಫಿಯ ಪಕ್ಕ ಸುಮ್ಮನೆ ಹಾದುಹೋಗುವವನಿಲ್ಲ. ಬಗ್ಗುತ್ತಾನೆ, ಒಂದು ಕಾಳು ಹೆಕ್ಕುತ್ತಾನೆ, ಉಗುರಿನಿಂದ ಹೊಟ್ಟು ಬಿಡಿಸಿ ಕಚ್ಚುತ್ತಾನೆ. ಹಸಿ ಇದ್ದರೆ ಹಲ್ಲಿಗೆ ಮೆತ್ತಗೆ ಸಿಗುತ್ತದೆ, ಒಣಗಿದ್ದರೆ ಕಟ್ ಎನ್ನುತ್ತದೆ. ಅದು ಏನೇ ಎನ್ನಲಿ, ಕಚ್ಚಿದವನು ಕಣದವರಿಗೆ ಹೇಳುವುದು ಒಂದೇ ಮಾತು, ‘ಇನ್ನೊಂದು ಬಿಸಿಲು ಬೇಕು.’ ಕೊಳ್ಳಲು ಬಂದವನು ರೇಟು ಇಳಿಸಲು ಹೇಳುತ್ತಾನೆ, ಸರಿ. ಮದುವೆಗೆ ಕರೆಯಲು ಬಂದವನೂ ಹೇಳುತ್ತಾನೆ. ಸಾವಿನ ಮನೆಗೆ ಬಂದವನೂ ಕಚ್ಚಿ ಹೇಳುತ್ತಾನೆ (ನೋಡಿದ್ದೇನೆ). ಇದರಲ್ಲಿ ತಲೆಗೆ ಕೆಲಸವಿಲ್ಲ. ಬೆನ್ನು ತಾನಾಗಿ ಬಾಗುತ್ತದೆ.

‘ಸರ್, ಒಂದು ಮಾತು’ ಎಂದಳು ವನಮಾಲ, ಅಮ್ಮನ ಕಡೆ ನೋಡುತ್ತ.

‘ಸಾವಿತ್ರಮ್ಮನವರ ಈ ಮುಖ...’ ಎಂದು ಶುರು ಮಾಡಿದೆ. ಬೆನ್ನು ಬಾಗಿತು. ಹಿಂದೆ ಕಟ್ಟಿದ್ದ ಕೈ ಬಿಚ್ಚಿಕೊಂಡಿತು. ಚೆರಿಯ ನಡುವೆ ಬಿಳಿ ಕಾಳು ಬೆರೆತಿದ್ದರೆ ಹೆಕ್ಕಿ ತೆಗೆಯುವುದು ನಮಗೆ ಇನ್ನೊಂದು ಚಾಳಿ. ಕಣ್ಣಿನ ಆ ಕಾಳು ನನ್ನ ಹಲ್ಲಿನ ನಡುವೆ ಇತ್ತು.

ಕಟ್.

ತಯಾರಾಗಿ ನಿಂತಿದ್ದ ನಾಲ್ಕು ಒಳ್ಳೆಯ ಮಾತುಗಳನ್ನು ಪಕ್ಕಕ್ಕೆ ತಳ್ಳಿ ಐದನೆಯದು ಹೊರಬಂತು. ‘ಇನ್ನೊಂದು ಬಿಸಿಲು ಬೇಕು.’

ಹಾಲ್ ಪೂರಾ ನಕ್ಕಿತು. ಪಕ್ಕದ ಎಸ್ಟೇಟಿನ ಮಂಜಪ್ಪ, ನನ್ನ ಹಳೆಯ ಸ್ನೇಹಿತ, ‘ಒಂದಲ್ಲ ಮಾರಾಯ, ಎರಡು ಬೇಕಾಗುತ್ತೆ’ ಎನ್ನುತ್ತ ಕೆನ್ನೆಯಿಂದ ಒಂದು ಹೆಕ್ಕಿದ. ಮತ್ತೊಬ್ಬರು ಹಣೆಯಿಂದ. ‘ಈ ಕಡೇದು ಪರ್ವಾಗಿಲ್ಲ ನೋಡಿ.’ ‘ಎಲ್ಲಿ, ಕೊಡಿ ಇಲ್ಲಿ.’ ಕಲಾ ಪ್ರದರ್ಶನ ಕಾಫಿ ಕಣವಾಗಲು ಒಂದು ನಿಮಿಷವೂ ಹಿಡಿಯಲಿಲ್ಲ.

ಸಾವಿತ್ರಮ್ಮ ನಗಲಿಲ್ಲ. ಕುರ್ಚಿಯಿಂದ ಎದ್ದಿದ್ದರು. ಕೈ ಜೋಡಿಸಿದ್ದರು.

‘ಈ ಸಲ ಮೋಡ ಜಾಸ್ತಿ ಆಯ್ತು ಗೌಡ್ರೆ. ಬಿಸಿಲೇ ಸಿಗ್ಲಿಲ್ಲ. ಇನ್ನೂ ಒಣಹಾಕ್ತಿದ್ದೆ, ಇವ್ಳು ಅವಸರ ಮಾಡಿ ತಂದ್ಬಿಟ್ಲು. ತಪ್ಪು ತಿಳ್ಕಬೇಡಿ.’

ಅವರು ಚಿತ್ರದ ಬಗ್ಗೆ ಮಾತಾಡುತ್ತಿರಲಿಲ್ಲ. ವರ್ಷಾವರ್ಷ ಕಾಫಿ ಮೂಟೆಯ ಪಕ್ಕ ನಿಂತು, ಕಾಳು ಕಚ್ಚುವ ವ್ಯಾಪಾರಿಗಳ ಮುಖ ನೋಡುತ್ತ ಆಡಿ ಆಡಿ ರೂಢಿಯಾದ ಮಾತು ಅದು. ಎಲ್ಲರೂ ತನ್ನನ್ನೇ ನೋಡುವ ಕಡೆ ಒರಗಿ ಕೂತಿದ್ದ ಹೆಂಗಸನ್ನು ಎಬ್ಬಿಸಿ, ಮತ್ತೆ ಮೂಟೆಯ ಪಕ್ಕ ನಿಲ್ಲಿಸಿದ್ದೆ.

‘ಅಮ್ಮ, ಕೂತ್ಕ’ ಎಂದಳು ವನಮಾಲ. ‘ಇದು ಮಾರೋಕೆ ತಂದಿದ್ದಲ್ಲ.’

‘ಸುಮ್ನಿರೇ. ತಿಳ್ದೋರು ಹೇಳ್ತಿದಾರೆ.’

ಆಮೇಲೆ ಒಳ್ಳೆಯ ಮಾತುಗಳನ್ನು ಆಡಿದೆ. ನಾಲ್ಕನ್ನೂ ಆಡಿದೆ. ಚಪ್ಪಾಳೆಯೂ ಬಂತು. ಸಾವಿತ್ರಮ್ಮ ನಿಂತೇ ಕೇಳಿಸಿಕೊಂಡರು. ರೇಟು ಇಳಿಸುವ ಮೊದಲು ವ್ಯಾಪಾರಿ ಆಡುವ ನಯದ ಮಾತನ್ನು ಕೇಳುವ ಹಾಗೆ ತಲೆಯಾಡಿಸುತ್ತಿದ್ದರು.

ವನಮಾಲ ಮೊಣಕಾಲೂರಿ ಹೊಸ ಕಾಳೊಂದನ್ನು ಕಣ್ಣಿಗಿಟ್ಟಳು. ಕಣ್ಣು ಮತ್ತೆ ನೋಡತೊಡಗಿತು, ಈ ಸಲ ನನ್ನನ್ನೇ. ಕ್ಷಮೆ ಕೇಳಲು ಬಗ್ಗಿದೆ.

‘ಕಾಳಿಗೇನು ಸರ್, ಬೇಕಾದಷ್ಟಿದೆ’ ಎಂದಳು, ತಲೆಯೆತ್ತದೆ. ‘ಅಮ್ಮನ್ನ ಕೂರ್ಸೋದೇ ಕಷ್ಟ.’

ಮನೆಗೆ ಬಂದೆ. ‘ಏನಾದ್ರೂ ಮುಟ್ಟಿದ್ರಾ?’ ಎಂದಳು ಹೆಂಡತಿ. ‘ಒಂದೇ ಕಾಳು’ ಎಂದೆ. ಪೂರಾ ಕಥೆ ಹೇಳಿದೆ. ಊಟಕ್ಕೆ ಕೂತಾಗ ಸಾರು ಬಡಿಸುತ್ತ, ‘ಹೇಳಿ, ಇದಕ್ಕೆ ಏನು ಬೇಕು ಇನ್ನೂ?’ ಎಂದಳು.

ಸಾರಿಗೆ ಏನೂ ಬೇಕಿರಲಿಲ್ಲ. ಆದರೂ ದಿನವೂ ಏನೋ ಒಂದು ಹೇಳುತ್ತೇನಲ್ಲ, ಯಾಕೆ? ಮಗನ ಮಾರ್ಕ್ಸ್ ಕಾರ್ಡು, ತೋಟದ ಗುಮಾಸ್ತ ಇಟ್ಟ ಎಸ್ಟೇಟ್ ಲೆಕ್ಕ, ಬಡಗಿ ಮಾಡಿಕೊಟ್ಟ ಬಾಗಿಲು, ಎಲ್ಲಕ್ಕೂ ನನ್ನ ಬಾಯಲ್ಲಿ ಇನ್ನೊಂದು ಬಿಸಿಲು ಕಾದೇ ಇರುತ್ತದೆ. ‘ಸರಿಯಾಗಿದೆ’ ಎಂದುಬಿಟ್ಟರೆ ಎದುರಿನವರು ನೆಟ್ಟಗೆ ನಿಲ್ಲುತ್ತಾರೆ. ಆಮೇಲೆ ನಾವು ಎಲ್ಲಿ ನಿಲ್ಲುವುದು?

ಹೇಳದಿದ್ದರೆ ಯಾರಿಗೂ ಗೊತ್ತಾಗುವ ವಿಷಯವಲ್ಲ, ಆದರೂ ಹೇಳಿಬಿಡುತ್ತೇನೆ. ಆ ಕಾಳು ಚೆನ್ನಾಗಿಯೇ ಒಣಗಿತ್ತು.